ನೆಟ್ಟ ಕೂದಲು, ಮುಚ್ಚಿಟ್ಟ ಗಾಯ

ಕೂದಲು ಕಸಿ ಮಾಡಿಸಿಕೊಳ್ಳುವುದು ಸರಿಯೇ, ತಪ್ಪೇ ಎಂಬ ಪ್ರಶ್ನೆ ನಮ್ಮ ಯುವಕರಲ್ಲಿ ಈಗ ಸಾಮಾನ್ಯವಾಗಿದೆ. ಮಸೀದಿಯ ಇಮಾಮರ ಬಳಿ ಕೇಳುವವರಿದ್ದಾರೆ, ಅವರ ಬಳಿ ಕೇಳಲು ನಾಚಿ ಗೆಳೆಯರನ್ನು ಕೇಳುವವರೂ ಇದ್ದಾರೆ. ಆದರೆ ಕಸಿ ಮಾಡಿಸಿಕೊಂಡು ಮನೆಗೆ ಬಂದ ಮೇಲೆ ಆ ತಲೆಯನ್ನು ಹೇಗೆ ಕಾಪಾಡಿಕೊಳ್ಳಬೇಕು, ಆ ವಿಷಯವನ್ನು ಯಾರಿಗೆ ಹೇಳಬೇಕು, ಯಾರಿಂದ ಮುಚ್ಚಿಡಬಹುದು ಎಂದು ಕೇಳುವವರು ತೀರಾ ಕಡಿಮೆ. ನಿಜವಾದ ನೈತಿಕ ಪ್ರಶ್ನೆ ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಕಸಿ ಒಂದು ದಿನದ ಕೆಲಸ, ಬೆಂಗಳೂರಿನಲ್ಲಿ ಮುಗಿದು ಹೋಗುತ್ತದೆ. ಆರೈಕೆಯ ದಿನಗಳು ಕಳೆಯುವುದು ಮನೆಯಲ್ಲಿ, ಮನೆಯವರ ನಡುವೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಬೋಳು ತಲೆಯನ್ನು ಗೇಲಿ ಮಾಡಲು ಒಂದು ಭಾಷೆ ಸಾಲುವುದಿಲ್ಲ. ಕನ್ನಡದಲ್ಲಿ ಬೋಳ, ತೆಲುಗಿನಲ್ಲಿ ಬೋಡಿಗುಂಡು, ದಖನಿಯಲ್ಲಿ ಗಂಜಾ. ಮೂರು ಭಾಷೆಗಳನ್ನೂ ಬಲ್ಲ ನಮ್ಮ ಹುಡುಗನಿಗೆ ಮೂರರಲ್ಲೂ ಅವಮಾನ. 2017ರಲ್ಲಿ ತೆರೆಕಂಡ ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' ಚಿತ್ರವನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ತಲೆಗೂದಲು ಉದುರಿದ ಕಾರಣಕ್ಕೆ ಹೆಣ್ಣು ಸಿಗದ ಮಂಗಳೂರಿನ ಕನ್ನಡ ಉಪನ್ಯಾಸಕನ ಪಾಡು ಅದು. ಪ್ರೇಕ್ಷಕರು ನಕ್ಕರು. ನಕ್ಕವರಲ್ಲಿ ಎಷ್ಟೋ ಮಂದಿ ಆಮೇಲೆ ಕನ್ನಡಿಯ ಮುಂದೆ ನಿಂತು ತಮ್ಮ ಹಣೆಯ ಅಂಚನ್ನು ಅಳೆದುಕೊಂಡಿರಲೂಬಹುದು.

ಇಲ್ಲೊಂದು ವಿಚಿತ್ರವಿದೆ. ಕೂದಲಿಲ್ಲದ ತಲೆಯನ್ನೇ ನಾವು ಹೀಯಾಳಿಸುತ್ತೇವೆಯೇ ಎಂದು ನೋಡಿದರೆ, ಹಾಗಿಲ್ಲ. ನಮ್ಮ ಹಿಂದೂ ನೆರೆಹೊರೆಯವರು ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದರೆ ಊರವರು ಪ್ರಸಾದ ಪಡೆದು ಕಣ್ಣಿಗೊತ್ತಿಕೊಳ್ಳುತ್ತಾರೆ. ಹಜ್ ಅಥವಾ ಉಮ್ರಾ ಮುಗಿಸಿ ತಲೆ ಬೋಳಿಸಿಕೊಂಡು ಬಂದವರನ್ನು ನಾವು ಹಾರ ಹಾಕಿ ಬರಮಾಡಿಕೊಳ್ಳುತ್ತೇವೆ. ಮಗು ಹುಟ್ಟಿದ ಏಳನೆಯ ದಿನ ಅಖೀಖಾದಲ್ಲಿ ಅದರ ಕೂದಲು ತೆಗೆಸಿ, ತೂಕದಷ್ಟು ಬೆಳ್ಳಿಯನ್ನು ದಾನ ಕೊಡುವ ರೂಢಿಯಿದೆ. ಅಂದರೆ, ತಾನಾಗಿ ಕೊಟ್ಟ ಕೂದಲಿಗೆ ಗೌರವ, ತಾನಾಗಿ ಉದುರಿದ ಕೂದಲಿಗೆ ಗೇಲಿ. ನಾವು ನಗುವುದು ಬೋಳು ತಲೆಗಲ್ಲ, ಆ ಮನುಷ್ಯನ ಅಸಹಾಯಕತೆಗೆ. ಇದು ಯಾವ ಧರ್ಮದವರಿಗೂ ಶೋಭೆ ತರುವ ಮಾತಲ್ಲ.

ಈ ನಗುವಿಗೆ ಹೆದರಿದ ಯುವಕ ಗುಟ್ಟಾಗಿ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಗುಟ್ಟಾಗಿ ಹೋದವನು ಗುಟ್ಟಾಗಿಯೇ ವಾಸಿಯಾಗಬೇಕು. ಅಪಾಯ ಶುರುವಾಗುವುದು ಅಲ್ಲಿಂದ.

ಅದಕ್ಕೂ ಮುನ್ನ ಆ ತಲೆಗೆ ಏನಾಗಿರುತ್ತದೆ ಎಂಬುದನ್ನು ತಿಳಿಯಬೇಕು. ವಂಶವಾಹಿಯಾಗಿ ಗಂಡಸರಿಗೆ ಬರುವ ಬೋಳಿನಲ್ಲಿ ಹಣೆಯ ಮತ್ತು ನೆತ್ತಿಯ ಕೂದಲು ಉದುರಿದರೂ ತಲೆಯ ಹಿಂಭಾಗದ್ದು, ಕಿವಿಗಳ ಮೇಲಿನದು ಉಳಿಯುತ್ತದೆ. ಉಳಿಯುವ ಗುಣ ಆ ಜಾಗದ್ದಲ್ಲ, ಕೂದಲಿನ ಬೇರಿನದ್ದು. ಅದನ್ನು ಕಿತ್ತು ಮುಂದೆ ನೆಟ್ಟರೂ ಬೇರು ತನ್ನ ಗುಣ ಬಿಡುವುದಿಲ್ಲ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಚ್ 1959ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಅವರಿಗಿಂತ 20 ವರ್ಷ ಮುಂಚೆ, 1939ರಲ್ಲಿ, ಜಪಾನಿನ ವೈದ್ಯ ಶೋಜಿ ಒಕುಡಾ ಗಾಯದ ಕಲೆಗಳಿಂದ ಕೂದಲು ಕಳೆದುಕೊಂಡವರಿಗೆ ಇಂಥದೇ ಕಸಿ ಮಾಡಿದ್ದರೂ ಯುದ್ಧದ ಗದ್ದಲದಲ್ಲಿ ಅದು ಹೊರಜಗತ್ತಿಗೆ ತಲುಪಲಿಲ್ಲ. ಈಗ ಎರಡು ವಿಧಾನಗಳಿವೆ. ಹಿಂಭಾಗದಿಂದ ಚರ್ಮದ ಪಟ್ಟಿಯನ್ನೇ ತೆಗೆದು ಹೊಲಿಗೆ ಹಾಕುವ ಎಫ್‌ಯುಟಿ ಒಂದು, ಬೇರುಗಳನ್ನು ಒಂದೊಂದಾಗಿ ಕೀಳುವ ಎಫ್‌ಯುಇ ಮತ್ತೊಂದು. ಎರಡರಲ್ಲೂ ತಲೆಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಹಲವು ಗಂಟೆಗಳ ಕಾಲ, ಸಾವಿರಾರು ಸಣ್ಣ ರಂಧ್ರಗಳನ್ನು ಮಾಡಿ ಬೇರುಗಳನ್ನು ಕೂರಿಸುತ್ತಾರೆ. ಜಾಹೀರಾತು ನೋಡಿದವರಿಗೆ ಇದು ಕ್ಷೌರದಷ್ಟೇ ಸಲೀಸು ಎನ್ನಿಸುತ್ತದೆ. ವಾಸ್ತವದಲ್ಲಿ ಇದು ಶಸ್ತ್ರಚಿಕಿತ್ಸೆ; ತಲೆಯ ತುಂಬ ಗಾಯ.

ಆ ಗಾಯ ಮೊದಲ ದಿನಗಳಲ್ಲಿ ಏನು ಬೇಡುತ್ತದೆ ಎಂಬುದನ್ನು ರೇಷ್ಮೆ ಸಾಕುವ ನಮ್ಮ ಜನರಿಗೆ ವಿವರಿಸುವುದು ಸುಲಭ. ಹುಳು ಜ್ವರಕ್ಕೆ ಕೂತಾಗ ನಾವೇನು ಮಾಡುತ್ತೇವೆ? ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಾಡಿಸುವುದಿಲ್ಲ, ಹೊರಗಿನವರನ್ನು ಹುಳುಮನೆಯ ಒಳಗೆ ಬಿಡುವುದಿಲ್ಲ, ಕೈತೊಳೆಯದೆ ನಾವೂ ಹೋಗುವುದಿಲ್ಲ. ಅದು ಪೊರೆ ಬಿಟ್ಟು ಏಳುವವರೆಗೆ ಕಾಯುತ್ತೇವೆ. ನೆಟ್ಟ ಕೂದಲಿನ ಮೊದಲ ಒಂಬತ್ತು ಹತ್ತು ದಿನ ಹಾಗೆಯೇ. ಬೇರು ಇನ್ನೂ ಹಿಡಿದಿರುವುದಿಲ್ಲ. ಉಗುರು ತಾಗಿದರೆ, ಅಂಗಿ ತಲೆಯ ಮೇಲಿನಿಂದ ಹಾಕಿಕೊಳ್ಳುವಾಗ ಉಜ್ಜಿದರೆ, ಬಾಗಿಲ ಚೌಕಟ್ಟಿಗೆ ತಲೆ ತಾಗಿದರೆ ಅದು ಕಳಚಿ ಬರಬಹುದು. ಗುಂಡಿ ಇರುವ ಅಂಗಿ ತೊಡಬೇಕು. ದಿಂಬುಗಳನ್ನು ಎತ್ತರಿಸಿ, ಬೆನ್ನಿನ ಮೇಲೆ, ಅರ್ಧ ಕುಳಿತಂತೆ ಮಲಗಬೇಕು. ವೈದ್ಯರು ಕೊಟ್ಟ ಉಪ್ಪುನೀರಿನ ಸಲೈನನ್ನು ಹೇಳಿದ ಹೊತ್ತಿಗೆ ಸಿಂಪಡಿಸಬೇಕು. ತಲೆ ತೊಳೆಯುವುದನ್ನು ಯಾವ ದಿನ, ಹೇಗೆ ಆರಂಭಿಸಬೇಕೆಂದು ಅವರೇ ಹೇಳುತ್ತಾರೆ. ಸಾಮಾನ್ಯವಾಗಿ ಎರಡು ಮೂರು ದಿನದ ನಂತರ, ಮಕ್ಕಳ ಶಾಂಪೂವಿನ ನೊರೆಯನ್ನು ಮೆಲ್ಲನೆ ಇಟ್ಟು, ಚೊಂಬಿನಿಂದ ನೀರು ಹನಿಸಿ ತೊಳೆಯುವುದು. ಜೋರಾದ ಷವರಿನ ಕೆಳಗೆ ನಿಲ್ಲುವಂತಿಲ್ಲ. ಕಟ್ಟಿದ ಹಕ್ಕಳೆಯನ್ನು ಕೀಳಬಾರದು, ಎಷ್ಟೇ ಕಡಿತವಾದರೂ ಕೆರೆಯಬಾರದು. ಎರಡು ವಾರದೊಳಗೆ ಅದು ನೆನೆದು ತಾನಾಗಿ ಉದುರುತ್ತದೆ.

ಎರಡನೆಯ ಅಥವಾ ಮೂರನೆಯ ದಿನ ಹಣೆ ಊದಿಕೊಳ್ಳುವುದುಂಟು. ಊತ ನಿಧಾನವಾಗಿ ಕಣ್ಣಿನ ರೆಪ್ಪೆಗೆ ಇಳಿಯುತ್ತದೆ. ಮೊದಲೇ ತಿಳಿಸದಿದ್ದರೆ ಮನೆಯವರು ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿದುಹೋಗುತ್ತದೆ. ತಲೆ ಜುಮುಗುಡುವುದು, ಸ್ಪರ್ಶ ತಿಳಿಯದಿರುವುದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಆದರೆ ಜ್ವರ, ಕೀವು, ದಿನದಿಂದ ದಿನಕ್ಕೆ ಹೆಚ್ಚುವ ನೋವು, ಚರ್ಮ ಕಪ್ಪಾಗುವುದು, ಉಸಿರಾಟದ ತೊಂದರೆ, ಇವು ಕಂಡರೆ ನಾಳೆ ನೋಡೋಣ ಎನ್ನುವಂತಿಲ್ಲ.

ನಮ್ಮ ಮನೆಗಳ ಪ್ರೀತಿ ಕೂಡ ಇಲ್ಲಿ ಕೆಲವೊಮ್ಮೆ ಅಡ್ಡಬರುತ್ತದೆ. ಅರಿಶಿನ ಹಚ್ಚು, ಹೊಂಗೆ ಎಣ್ಣೆ ಹಚ್ಚು, ಈರುಳ್ಳಿ ರಸ ತಿಕ್ಕು ಎಂದು ಅಕ್ಕಪಕ್ಕದ ಅಜ್ಜಿಯರೆಲ್ಲ ವೈದ್ಯರಾಗುತ್ತಾರೆ. ಯಾವುದೂ ಬೇಡ. ಮೆಹಂದಿ, ಬಣ್ಣ ಕೂಡ ವೈದ್ಯರು ಒಪ್ಪುವವರೆಗೆ ಬೇಡ. ಬೀಡಿ ಸಿಗರೇಟು ರಕ್ತನಾಳಗಳನ್ನು ಕುಗ್ಗಿಸುವುದರಿಂದ ಹೊಸ ಬೇರಿಗೆ ಸಿಗುವ ರಕ್ತವೇ ಕಡಿಮೆಯಾಗುತ್ತದೆ. ಬಿಸಿಲನ್ನು ಒಂದು ತಿಂಗಳಾದರೂ ತಪ್ಪಿಸಬೇಕು. ಏಪ್ರಿಲ್‌ನಲ್ಲಿ ಚಿಂತಾಮಣಿಯ ಟೊಮೇಟೊ ತೋಟಗಳಲ್ಲಿ ದುಡಿಯುವವನು ಈ ಮಾತನ್ನು ಹೇಗೆ ಪಾಲಿಸಬೇಕು ಎಂಬುದನ್ನು ಕಸಿಗೆ ದಿನ ಗೊತ್ತು ಮಾಡುವ ಮುನ್ನವೇ ಯೋಚಿಸಬೇಕು.

ಇನ್ನು ಧರ್ಮದ ಪ್ರಶ್ನೆ. ಮತ್ತೊಬ್ಬರ ಕೂದಲನ್ನು ತಲೆಗೆ ಜೋಡಿಸಿಕೊಳ್ಳುವುದನ್ನು ಪ್ರವಾದಿ(ಸ)ರು ಕಟುವಾಗಿ ಖಂಡಿಸಿದ್ದರು ಎಂಬುದು ಹದೀಸ್‌ಗಳಲ್ಲಿದೆ. ಇದನ್ನು ಹಿಡಿದು ಕಸಿಯೂ ನಿಷಿದ್ಧ ಎನ್ನುವವರಿದ್ದಾರೆ. ಆದರೆ ಕಸಿಯಲ್ಲಿ ನೆಡುವುದು ತನ್ನದೇ ಕೂದಲನ್ನು. ಅದು ಬೆಳೆಯುತ್ತದೆ, ನರೆಯುತ್ತದೆ, ಕತ್ತರಿಸಿದರೆ ಮತ್ತೆ ಬರುತ್ತದೆ. ಬುಖಾರಿ ಸಂಗ್ರಹದಲ್ಲಿ ಬರುವ ಮೂವರು ಇಸ್ರೇಲರ ಪ್ರಸಂಗದಲ್ಲಿ ದೇವಚರನು ಬೋಳು ತಲೆಯವನ ಬಯಕೆಯನ್ನು ಕೇಳಿ ಕೂದಲನ್ನು ಮರಳಿಸುತ್ತಾನೆ. ಆಮೇಲೆ ಆತ ಪರೀಕ್ಷೆಯಲ್ಲಿ ಸೋಲುವುದು ಕೂದಲು ಬಯಸಿದ್ದಕ್ಕಲ್ಲ, ತನ್ನ ಹಿಂದಿನ ಸ್ಥಿತಿಯನ್ನೇ ಅಲ್ಲಗಳೆದು ಬಡವನನ್ನು ಬರಿಗೈಯಲ್ಲಿ ಕಳಿಸಿದ್ದಕ್ಕೆ. 2007ರಲ್ಲಿ ಮಲೇಶ್ಯದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ದೇಹಕ್ಕೆ ಬಂದೊದಗಿದ ಕುಂದನ್ನು ಸರಿಪಡಿಸುವ ಚಿಕಿತ್ಸೆಗಳ ಸಾಲಿನಲ್ಲಿ ಉದುರಿದ ಕೂದಲಿನ ಕಸಿಯನ್ನೂ ಸೇರಿಸಿತು. ಭಿನ್ನಾಭಿಪ್ರಾಯ ಇರುವವರು ಇರಲಿ, ಈ ಚರ್ಚೆಯನ್ನು ನಾನು ಇಷ್ಟಕ್ಕೇ ಬಿಡುತ್ತೇನೆ.

ನನ್ನನ್ನು ಹೆಚ್ಚು ಕಾಡುವುದು ಬೇರೆಯ ಒಂದು ಪ್ರಸಂಗ, ಅಬೂದಾವೂದ್ ಸಂಗ್ರಹದಲ್ಲಿರುವುದು. ಪ್ರಯಾಣದಲ್ಲಿದ್ದ ಒಂದು ತಂಡದಲ್ಲಿ ಒಬ್ಬನ ತಲೆಗೆ ಕಲ್ಲು ಬಿದ್ದು ಗಾಯವಾಗುತ್ತದೆ. ಅವನಿಗೆ ಸ್ನಾನ ಕಡ್ಡಾಯವಾಗುವ ಸಂದರ್ಭ ಬರುತ್ತದೆ. ನನಗೇನಾದರೂ ರಿಯಾಯಿತಿ ಇದೆಯೇ ಎಂದು ಜೊತೆಗಾರರನ್ನು ಕೇಳುತ್ತಾನೆ. ಇಲ್ಲ, ನೀರು ಸಿಗುತ್ತಿರುವಾಗ ಎಲ್ಲಿಯ ರಿಯಾಯಿತಿ ಎನ್ನುತ್ತಾರೆ. ಅವನು ಸ್ನಾನ ಮಾಡುತ್ತಾನೆ, ಸಾಯುತ್ತಾನೆ. ಸುದ್ದಿ ತಿಳಿದ ಪ್ರವಾದಿ(ಸ)ರು ಆ ಜೊತೆಗಾರರ ಮೇಲೆ ತೀವ್ರವಾಗಿ ಕೋಪಗೊಂಡರು. ಅವನನ್ನು ಕೊಂದವರು ನೀವೇ ಎಂಬಂತೆ ಮಾತನಾಡಿದರು, ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು ಎಂದರು. ಹದಿನಾಲ್ಕು ಶತಮಾನಗಳ ಹಿಂದಿನ ಆ ತಲೆಗಾಯದಿಂದ ನಮ್ಮ ಶಿಡ್ಲಘಟ್ಟದ ಯುವಕನ ತಲೆಗಾಯದವರೆಗೆ ದಾರಿ ದೂರವಿಲ್ಲ. ವುಝೂ ಮಾಡುವಾಗ ತಲೆ ಸವರಬೇಕೇ? ಸುಜೂದ್‌ಗೆ ಬಾಗಿದಾಗ ಹಣೆಯ ಊತ ಹೆಚ್ಚುವುದಲ್ಲ? ಗಾಯಕ್ಕೆ ಹಾನಿಯಿದೆ ಎಂದು ವೈದ್ಯರು ಹೇಳಿದರೆ ಸವರುವುದರಲ್ಲಿ ವಿನಾಯಿತಿ ಇದೆ, ಕುಳಿತು ಸನ್ನೆಯಿಂದ ನಮಾಝ್ ಮಾಡಲೂ ಅವಕಾಶವಿದೆ. ಆದರೆ ಇದನ್ನು ತಿಳಿಯಬೇಕಾದರೆ ಕೇಳಬೇಕು. ಗುಟ್ಟು ಕಾಯುವವನು ಕೇಳುವುದು ಹೇಗೆ? ಜುಮಾದಂದು ಎಲ್ಲರೊಂದಿಗೆ ಸಾಲಿನಲ್ಲಿ ನಿಂತು, ಬಿಗಿಯಾದ ಟೋಪಿ ಹಾಕಿಕೊಂಡು, ಯಾರಿಗೂ ಅನುಮಾನ ಬಾರದಂತೆ ಹಣೆ ನೆಲಕ್ಕೆ ಒತ್ತುತ್ತಾನೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು (1920–2005) ಬದುಕಿನುದ್ದಕ್ಕೂ ವಿದ್ಯಾರ್ಥಿಗಳಿಗೆ ಪ್ರಶ್ನಿಸುವುದನ್ನು ಕಲಿಸಿದರು. ವಿಚಾರವಾದಿಯಾದ ಅವರನ್ನು ಹದೀಸಿನ ಪಕ್ಕದಲ್ಲಿ ನೆನೆಯುವುದು ಕೆಲವರಿಗೆ ಅಸಂಗತ ಎನಿಸಬಹುದು. ನನಗೆ ಹಾಗನಿಸುವುದಿಲ್ಲ. ಕೇಳದೆ ಇರುವುದರಿಂದ ಪ್ರಾಣ ಹೋಗುತ್ತದೆ ಎಂಬ ವಿಷಯದಲ್ಲಿ ಇಬ್ಬರೂ ಒಂದೇ ಕಡೆ ಇದ್ದಾರೆ.

ಪ್ರಾಣ ಹೋಗುತ್ತದೆ ಎಂಬುದು ಉತ್ಪ್ರೇಕ್ಷೆಯಲ್ಲ. 2016ರಲ್ಲಿ ಚೆನ್ನೈನಲ್ಲಿ ಕಸಿ ಮಾಡಿಸಿಕೊಂಡ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತೀರಿಹೋದ. 2025ರಲ್ಲಿ ಕಾನ್ಪುರದ ಇಬ್ಬರು ಎಂಜಿನಿಯರ್‌ಗಳ ಸಾವಿನ ಪ್ರಕರಣ ಪೊಲೀಸರ ಮುಂದೆ ಬಂತು. ದಂತವೈದ್ಯೆಯೊಬ್ಬರು ನಡೆಸುತ್ತಿದ್ದ ಕ್ಲಿನಿಕ್‌ನಲ್ಲಿ ಕಸಿ ಮಾಡಿಸಿಕೊಂಡ ಮೇಲೆ ಅವರು ಸತ್ತರೆಂದು ಕುಟುಂಬದವರು ದೂರಿದ್ದರು. ಲಕ್ಷಾಂತರ ಜನರಿಗೆ ಏನೂ ಆಗುವುದಿಲ್ಲ, ನಿಜ. ಆದರೆ ಚುಚ್ಚುಮದ್ದಿನ ಪ್ರಮಾಣ ತಪ್ಪಿದರೆ, ಅದು ದೇಹಕ್ಕೆ ಒಗ್ಗದಿದ್ದರೆ, ಸೋಂಕು ರಕ್ತಕ್ಕೆ ಸೇರಿದರೆ ಯಾವ ಸಣ್ಣ ಶಸ್ತ್ರಚಿಕಿತ್ಸೆಯೂ ಸಣ್ಣದಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ, ತರಬೇತಿ ಪಡೆದ ನೋಂದಾಯಿತ ವೈದ್ಯರೇ ಕಸಿ ಮಾಡಬೇಕು, ಕಾರ್ಯಾಗಾರದಲ್ಲೋ ಯೂಟ್ಯೂಬ್‌ನಲ್ಲೋ ನೋಡಿ ಕಲಿತದ್ದು ತರಬೇತಿಯಾಗದು ಎಂದು ಸ್ಪಷ್ಟಪಡಿಸಿತು. ವೈದ್ಯ ವಿದ್ಯೆ ಅರಿಯದೆ ಚಿಕಿತ್ಸೆಗಿಳಿದವನು ಹಾನಿಗೆ ಹೊಣೆಗಾರ ಎಂಬ ಪ್ರವಾದಿ ವಚನವೂ ನಮ್ಮಲ್ಲಿದೆ. ಅರ್ಧ ಬೆಲೆಗೆ ಮಾಡಿಕೊಡುತ್ತೇವೆ ಎಂದು ಫಲಕ ಹಾಕಿದ ಕಡೆಗೆ ಹೋಗುವವನು ಸಾಮಾನ್ಯವಾಗಿ ಬಡವನೇ ಆಗಿರುತ್ತಾನೆ. ಗುಟ್ಟಾಗಿ ಹೋಗುವವನಿಗೆ ವಿಚಾರಿಸಲು, ಜೊತೆಗೆ ಕೂರಲು ಮತ್ತೊಬ್ಬರಿರುವುದಿಲ್ಲ. ಚಿಂತಾಮಣಿಯಲ್ಲಿ ಒಂದು ಜೊತೆ ಎತ್ತು ಕೊಳ್ಳಲು ನಾಲ್ಕು ಜನರನ್ನು ಕರೆದೊಯ್ಯುವ ನಾವು, ತಲೆಯನ್ನು ಕೊಯ್ಯಿಸಿಕೊಳ್ಳಲು ಒಬ್ಬರೇ ಹೋಗುತ್ತೇವೆ.

ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆಯ ಮನೆಯೊಂದರ ಹುಡುಗನ ವಿಷಯ ನನಗೆ ಗೊತ್ತು. ಬೆಂಗಳೂರಿಗೆ ಗೆಳೆಯನ ಮದುವೆಗೆ ಹೋಗುತ್ತೇನೆಂದು ಹೇಳಿ ಹೋದವನು ಮೂರನೆಯ ದಿನ ಊದಿದ ಕಣ್ಣಿನೊಂದಿಗೆ ಬಂದ. "ಯಾರ ಜೊತೆ ಜಗಳ ಮಾಡ್ಕೊಂಡೆ ಬೇಟಾ?" ಎಂದು ತಾಯಿ ಕೇಳಿದರು. ಗಾಡಿಯಿಂದ ಬಿದ್ದೆ ಅಮ್ಮೀ ಎಂದ. ಬಿದ್ದ ಗಾಯ ಎಂದು ನಂಬಿದ ಆ ತಾಯಿ ಬಟ್ಟೆ ಬಿಸಿ ಮಾಡಿ ಶಾಖ ಕೊಡಲು ಬಂದರು. ಅವನು ಬೇಡವೆಂದು ಸಿಡುಕಿದ. ಮರುದಿನ ಗೂಡು ಬೇಯಿಸುವ ಬೇಸಿನ್‌ಗಳ ಹಬೆಯಲ್ಲಿ, ಬೆವರು ಸುರಿಸುತ್ತ, ಯಾರೂ ಕೇಳದಿರಲಿ ಎಂದು ತಲೆಗೆ ವಸ್ತ್ರ ಸುತ್ತಿಕೊಂಡು ಕೆಲಸಕ್ಕೆ ನಿಂತ. ಹೆಲ್ಮೆಟ್ ಒತ್ತಿಕೊಂಡು ಮಾರುಕಟ್ಟೆಗೂ ಓಡಾಡಿದ. ತಲೆಯಲ್ಲಿ ಕೀವು ತುಂಬಿದ ಮೇಲೆ ಸತ್ಯ ಹೊರಬಿತ್ತು. ಹುಡುಗ ಉಳಿದುಕೊಂಡ, ನೆಟ್ಟ ಕೂದಲಿನಲ್ಲಿ ಬಹಳಷ್ಟು ಉಳಿಯಲಿಲ್ಲ. ಆ ತಾಯಿಯ ಮಾತು ನನಗೆ ನೆನಪಿದೆ: "ಕೂದಲು ಹೋಯ್ತು ಅಂತ ನನಗೆ ಬೇಜಾರಿಲ್ಲ. ನನ್ನ ಹತ್ತಿರ ಹೇಳಬಾರದು ಅಂತ ಅವನಿಗೆ ಅನ್ನಿಸಿತಲ್ಲ."

ಆರೈಕೆ ಮಾಡುವವರಿಗೆ ಯಾವ ಗಾಯವನ್ನು ಆರೈಕೆ ಮಾಡುತ್ತಿದ್ದೇವೆ ಎಂದು ತಿಳಿಯುವ ಹಕ್ಕಿದೆ. ದಿಂಬಿನ ಹೊದಿಕೆ ದಿನವೂ ಬದಲಿಸುವವಳು ತಾಯಿ ಅಥವಾ ಹೆಂಡತಿ. ಕೈ ನಿಲುಕದ ಹಿಂದಲೆಗೆ ಮುಲಾಮು ಹಚ್ಚುವವಳು ಅವಳೇ. ರಾತ್ರಿ ಜ್ವರ ಬಂದರೆ ಹಣೆ ಮುಟ್ಟಿ ನೋಡುವವಳೂ ಅವಳೇ. ಅವಳಿಗೆ ಸುಳ್ಳು ಹೇಳಿ ಅವಳ ಸೇವೆ ಪಡೆಯುವುದು ನ್ಯಾಯವಲ್ಲ. ದೇಹ ನನ್ನದು, ನಾನು ಯಾರಿಗೂ ಹೇಳಬೇಕಿಲ್ಲ ಎಂಬ ವಾದ ಈಗ ಕೇಳಿಬರುತ್ತದೆ. ಊರಿಗೆಲ್ಲ ಡಂಗುರ ಸಾರಬೇಕೆಂದು ನಾನೂ ಹೇಳುತ್ತಿಲ್ಲ. ಅಂಗಡಿಯವನಿಗೆ, ಸಹೋದ್ಯೋಗಿಗೆ, ದೂರದ ನಂಟನಿಗೆ ಹೇಳದಿರಲು ಅವನಿಗೆ ಪೂರ್ಣ ಸ್ವಾತಂತ್ರ್ಯವಿದೆ. ಖಾಸಗಿತನ ಒಂದು, ಮನೆಯೊಳಗಿನ ಮೋಸ ಇನ್ನೊಂದು. ಆದರೆ ದೇಹ ನಮ್ಮ ಆಸ್ತಿಯಲ್ಲ, ನಮ್ಮ ಬಳಿ ಇಟ್ಟ ಅಮಾನತು ಎಂದು ನಂಬುವವರಿಗೆ ಅದನ್ನು ಅಪಾಯಕ್ಕೆ ಒಡ್ಡಿ ಸುಮ್ಮನಿರುವ ಅಧಿಕಾರ ಇಲ್ಲ.

ಮದುವೆಯ ವಿಷಯ ಬಂದಾಗ ಇದು ಇನ್ನೂ ಕಠಿಣ. ಹೆಣ್ಣು ನೋಡಲು ಹೋಗುವ ಮುನ್ನ ಕಸಿ ಮಾಡಿಸಿಕೊಂಡವನು ಅದನ್ನು ಹೇಳಬೇಕೇ? ನಾನು ಹೇಳಬೇಕು ಎಂಬ ಪಕ್ಷದವನು. ಕಾರಣ, ಕಸಿ ಬೋಳನ್ನು ನಿಲ್ಲಿಸುವುದಿಲ್ಲ. ನೆಟ್ಟದ್ದು ಉಳಿದರೂ ಸುತ್ತಲಿನ ಹಳೆಯ ಕೂದಲು ಉದುರುತ್ತಲೇ ಹೋಗಬಹುದು. ಅದಕ್ಕಾಗಿ ವೈದ್ಯರು ಕೆಲವರಿಗೆ ವರ್ಷಗಟ್ಟಲೆ ಔಷಧಿ ಹೇಳುತ್ತಾರೆ. ಹಿಂಭಾಗದ ಬೇರುಗಳೂ ಮುಗಿಯದ ನಿಧಿಯಲ್ಲ. ಹೀಗಿರುವಾಗ ಹತ್ತು ವರ್ಷದ ನಂತರ ಹೆಂಡತಿ ನೋಡುವ ತಲೆ ಯಾವುದು ಎಂದು ಯಾರೂ ಭರವಸೆ ಕೊಡಲಾರರು. ಅವಳು ಒಪ್ಪಬೇಕಾದದ್ದು ಆ ಮನುಷ್ಯನನ್ನು. ಹುಡುಗಿಯ ಮೈಬಣ್ಣ, ಎತ್ತರ, ಹಲ್ಲು ಎಲ್ಲವನ್ನೂ ನೇರವಾಗಿ ಕೇಳುವ ಗಂಡಿನ ಕಡೆಯವರು ಇಷ್ಟನ್ನು ಹೇಳಲು ನಾಚುವುದು ನನಗೆ ಅರ್ಥವಾಗದ ಸಂಗತಿ.

ಕಸಿಯಾದ ಎರಡರಿಂದ ಆರು ವಾರದೊಳಗೆ ನೆಟ್ಟ ಕೂದಲು ಬಹುಪಾಲು ಉದುರಿಹೋಗುತ್ತದೆ. ಗುಟ್ಟು ಕಾಯುವವನು ಅತ್ಯಂತ ಒಂಟಿಯಾಗುವುದು ಆಗ. ಸಾಲದ ದುಡ್ಡು ನೀರಿಗೆ ಹೋಯಿತೆಂದು ನಿದ್ದೆ ಬಿಡುತ್ತಾನೆ. ಹಿಪ್ಪುನೇರಳೆ ತೋಟವಿರುವ ಮನೆಯವರು ಜೊತೆಗಿದ್ದರೆ ಅವನಿಗೆ ಸಮಾಧಾನ ಹೇಳುವುದು ಕಷ್ಟವಲ್ಲ. ಗಿಡವನ್ನು ಬುಡದವರೆಗೆ ಕತ್ತರಿಸಿದ ದಿನ ತೋಟ ಬೋಳಾಗಿಯೇ ಕಾಣುತ್ತದೆ, ಬೇರು ಒಳಗಿರುತ್ತದೆ. ಕೂದಲೂ ಹಾಗೆ, ಉದುರಿದ್ದು ಕಡ್ಡಿ, ಬೇರು ಉಳಿದಿದೆ. ಮೂರು ನಾಲ್ಕು ತಿಂಗಳಿಗೆ ತೆಳುವಾಗಿ ಚಿಗುರುತ್ತದೆ. ಆ ಹೊತ್ತಿಗೆ ಸಣ್ಣ ಮೊಡವೆಗಳೇಳಬಹುದು, ಹಿಸುಕಬಾರದು. ಪೂರ್ತಿ ಫಲ ಕಾಣಲು ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ ಹಿಡಿಯುತ್ತದೆ. ಈ ನಡುವೆ ಉಮ್ರಾಕ್ಕೆ ಹೊರಟವರು ವೈದ್ಯರಲ್ಲಿ ವಿಚಾರಿಸಬೇಕು. ಗಂಡಸರಿಗೆ ತಲೆ ಬೋಳಿಸುವುದರ ಬದಲು ಕೂದಲು ಕತ್ತರಿಸಿಕೊಳ್ಳುವುದಕ್ಕೂ ಅವಕಾಶವಿದೆ.

ಮನೆಯವರ ನಂತರ ವಿಷಯ ತಿಳಿಯಬೇಕಾದ ಇನ್ನೊಬ್ಬರಿದ್ದಾರೆ, ಊರಿನ ಕ್ಷೌರಿಕರು. ಒಂದು ತಿಂಗಳ ಮೇಲೆ, ವೈದ್ಯರು ಒಪ್ಪಿದ ಬಳಿಕ, ಮೊದಲ ಸಲ ಕುರ್ಚಿಯಲ್ಲಿ ಕುಳಿತಾಗ ಹಿಂದಲೆಯ ಹೊಲಿಗೆಯ ಗೆರೆಯೋ ಚುಕ್ಕಿಗಳೋ ಅವರ ಕಣ್ಣಿಗೆ ಬೀಳದೆ ಇರುವುದಿಲ್ಲ. ಅವರು ಕತ್ತರಿ ಎತ್ತುವ ಮೊದಲೇ ಹೇಳಿಬಿಡಬೇಕು: ಅಣ್ಣಾ, ಮುಂದೆ ನೆಡಿಸಿದ್ದೀನಿ, ಕತ್ತರಿ ಮಾತ್ರ ಆಡಿಸಿ, ಮೆಷಿನ್ ಬೇಡ, ಕೊನೆಯಲ್ಲಿ ತಲೆ ತಟ್ಟಿ ಮಾಲೀಶ್ ಮಾಡಬೇಡಿ.